ಮುಚ್ಚಳದ ಡಬ್ಬಿ

ಆ ಮನೆಯಲ್ಲಿ ಕಸದ ಡಬ್ಬಿಗಳಿಗೂ ಅಂತಸ್ತಿತ್ತು. ಅಡುಗೆಮನೆಯ ಡಬ್ಬಿಯನ್ನು ಯಾರು ಬೇಕಾದರೂ ಎತ್ತುತ್ತಿದ್ದರು. ಅಂಗಳದ್ದನ್ನು ಒಂದೆರಡು ಸಲ ಬೈಸಿಕೊಂಡ ಮೇಲೆ ಎತ್ತುತ್ತಿದ್ದರು. ಮಹಡಿಯ ಎರಡು ಬಚ್ಚಲುಗಳಲ್ಲಿದ್ದ ಮುಚ್ಚಳದ ಡಬ್ಬಿಗಳನ್ನು ಮಾತ್ರ ಹದಿನಾಲ್ಕು ವರ್ಷಗಳಿಂದ ಒಬ್ಬಳೇ ಎತ್ತುತ್ತಿದ್ದಳು.

ಅವಳನ್ನು ಬೀದಿಯವರು ರೂಮಕ್ಕ ಎನ್ನುತ್ತಿದ್ದರು. ಮಹಡಿಯ ನಾಲ್ಕು ಕೋಣೆಗಳನ್ನು ಬಂದು ಹೋಗುವವರಿಗೆ ಬಾಡಿಗೆಗೆ ಕೊಡುತ್ತಿದ್ದಳಲ್ಲ, ಅದಕ್ಕೆ. ಸೇತುವೆ ಕಟ್ಟಲು ಬಂದವರು, ದೊಡ್ಡಾಸ್ಪತ್ರೆಯಲ್ಲಿ ಕಲಿಯಲು ಬಂದವರು, ಯಂತ್ರ ಜೋಡಿಸಲು ಬಂದವರು, ಎಲ್ಲರೂ ಯಾವ ಯಾವುದೋ ದೇಶದವರು. ರೂಮಕ್ಕ ಹುಟ್ಟಿದ ಊರು, ಸೇರಿದ ಊರು ಬಿಟ್ಟು ಮೂರನೆಯ ಊರು ಕಂಡವಳಲ್ಲ. ಆದರೆ ಲೋಕವೇ ಅವಳ ಬಚ್ಚಲಿಗೆ ಬಂದು ಹೋಗಿತ್ತು.

ಎಷ್ಟು ದೇಶವೋ ಅಷ್ಟು ರೂಢಿ. ಒಬ್ಬರು ಒರೆಸಿದ ಕಾಗದವನ್ನು ನೀರಿಗೆ ಬಿಡುವವರು, ಇನ್ನೊಬ್ಬರು ಡಬ್ಬಿಗೆ ಹಾಕುವವರು. ಕಾಗದ ಕಂಡರೆ ಮುಖ ಸಿಂಡರಿಸುವ ಮೇಷ್ಟ್ರೊಬ್ಬರು ಬಂದಿದ್ದರು. ಚೊಂಬು ಸಿಗದೆ ಅಡುಗೆಮನೆಯ ಹಾಲಿನ ಪಾತ್ರೆಯನ್ನೇ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಅವರನ್ನು ರೂಮಕ್ಕ ಅರ್ಧದಲ್ಲಿ ತಡೆದಿದ್ದಳು. ಕಮೋಡಿನ ಮೇಲೆ ಕಾಲಿಟ್ಟು ಕುಕ್ಕರುಗಾಲಲ್ಲಿ ಕೂತ ಅಜ್ಜನೊಬ್ಬನ ಬೂಟಿನ ಗುರುತು ಮೂರು ದಿನ ಉಜ್ಜಿದರೂ ಹೋಗಿರಲಿಲ್ಲ. ಬಚ್ಚಲಿಗೆಂದೇ ಬೇರೆ ಚಪ್ಪಲಿ ತಂದುಕೊಂಡಿದ್ದ ಹೆಂಗಸಿಗೆ ಮನೆಯವರೆಲ್ಲ ಚಪ್ಪಲಿ ಮೇಡಂ ಎಂದು ಹೆಸರಿಟ್ಟು ನಕ್ಕಿದ್ದರು. ರೂಮಕ್ಕ ನಗಲಿಲ್ಲ. ಆಕೆ ಹೋದ ಮೇಲೂ ಎರಡೂ ಬಚ್ಚಲಿನ ಬಾಗಿಲಲ್ಲಿ ಒಂದೊಂದು ಜೊತೆ ಚಪ್ಪಲಿ ಕಾಯಂ ಆದವು.

ಇಷ್ಟೆಲ್ಲ ರೂಢಿಗಳ ನಡುವೆ ಆ ಮನೆಯದು ಒಂದೇ ಕಟ್ಟಳೆ: ಕಾಗದ ನೀರಿಗೆ ಹೋಗಕೂಡದು. ಹೋದರೆ ಪೈಪು ಕಟ್ಟಿಕೊಳ್ಳುತ್ತಿತ್ತು. ಭಾಷೆ ಬಾರದವರಿಗೆ ಇದನ್ನು ತಿಳಿಸುವುದಕ್ಕೆ ರೂಮಕ್ಕ ಮಗಳ ಬಣ್ಣದ ಪೆನ್ಸಿಲಿನಲ್ಲಿ ಐದೈದು ಚಿತ್ರ ಬರೆದು ಎರಡೂ ಬಚ್ಚಲಿನ ಬಾಗಿಲ ಒಳಬದಿಗೆ ಅಂಟಿಸಿದ್ದಳು. ಕಾಗದ, ಡಬ್ಬಿ, ಬಾಣ. ನೀರಿಗೆ ಬೀಳುವ ಕಾಗದ, ಅದರ ಮೇಲೆ ಕೆಂಪು ಗೆರೆ. ಹೀಗೆ. ಚಿತ್ರದ ಮನುಷ್ಯನಿಗೆ ಕೂದಲು ಬರೆಯಲು ಬಾರದೆ ತಲೆ ಬೋಳಾಗಿಯೇ ಉಳಿದಿತ್ತು.

"ನನ್ನನ್ನೇ ನೋಡಿ ಬರ್ದಿದ್ದಾಳೆ. ಪರದೇಶದವರೆಲ್ಲ ನನ್ನ ದರ್ಶನ ಮಾಡದೆ ಹಗುರ ಆಗೋ ಹಾಗಿಲ್ಲ," ಎನ್ನುತ್ತಿದ್ದರು ಅವಳ ಮಾವ.

ಮಾವನನ್ನು ಊರು ಪೈಪಜ್ಜ ಎಂದೇ ಬಲ್ಲದು. ನಲವತ್ತು ವರ್ಷ ಪ್ಲಂಬರ್ ಕೆಲಸ ಮಾಡಿದವರು. ಅರ್ಧ ಊರಿನ ನೆಲದಡಿ ಏನಿದೆಯೆಂದು ಕಣ್ಣು ಮುಚ್ಚಿ ಹೇಳುವವರು. "ನಾನು ಕೊಟ್ಟ ಮಾತು, ನಾನು ಹಾಕಿದ ಪೈಪು, ಎರಡೂ ಹಿಂದಕ್ಕೆ ಬರಲ್ಲ" ಎನ್ನುವುದು ಅವರ ಗಾದೆ. ಸ್ವಂತ ಮನೆಯ ಪೈಪು ಮಾತ್ರ ವರ್ಷಕ್ಕೆ ಎರಡು ಸಲವಾದರೂ ಹಿಂದಕ್ಕೆ ಬರುತ್ತಿತ್ತು. ಆಗ ಅವರು ಕಾಗದವನ್ನು ಬೈಯುತ್ತಿದ್ದರು. ಪೈಪಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಅವರ ಸೊಂಟ ಹಿಡಿದುಕೊಂಡ ಮೇಲೆ ಉದ್ದನೆಯ ಉಕ್ಕಿನ ತಂತಿ ತೂರಿಸಿ ಕಟ್ಟಿದ್ದನ್ನು ಬಿಡಿಸುವ ಕೆಲಸವನ್ನೂ ರೂಮಕ್ಕ ಕಲಿತಿದ್ದಳು.

ಮನೆಯಲ್ಲಿ ಗೊಂದಲ ಎದ್ದದ್ದು ಒಂದು ಸಂಜೆ ಊಟದ ಹೊತ್ತಿನಲ್ಲಿ. ಗಂಡ ಬಸ್ ಡ್ರೈವರ್, ಜಗಳವೆಂದರೆ ಮಾರು ದೂರ ನಿಲ್ಲುವ ಮನುಷ್ಯ. ಅನ್ನ ಕಲೆಸುತ್ತ ತಲೆ ಎತ್ತದೆ ಹೇಳಿದ:

"ಬಟ್ಟೆ ಅಂಗಡಿ ಸಾಹುಕಾರ್ರು ಮತ್ತೆ ಕೇಳಿದ್ರು. ಮಹಡಿ ಪೂರ್ತಿ ಗೋದಾಮಿಗೆ ಬೇಕಂತೆ."

"ಅದು ಜನ ಇರೋ ಜಾಗ," ಎಂದಳು ರೂಮಕ್ಕ.

"ಮೂಟೆ ಇದ್ರೆ ಏನು ಕಷ್ಟ? ಮೂಟೆಗೆ ಹೊಟ್ಟೆ ಕೆಡಲ್ಲ. ಮೂಟೆ ಬೆಳಿಗ್ಗೆ ಎದ್ದು ಕಕ್ಕಸಿಗೆ ಓಡಲ್ಲ."

ಮಗಳು ನಕ್ಕಳು. ಪೈಪಜ್ಜನೂ ನಕ್ಕರು.

"ಹೊರಡೋ ದಿನ ನನ್ನ ಕೈ ಹಿಡ್ಕೊಂಡು ಅಳೋದೂ ಇಲ್ಲ ಬಿಡಿ," ಎಂದಳು ರೂಮಕ್ಕ. "ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ಹೊರದೇಶದಿಂದ ಬರೋ ನರ್ಸಮ್ಮಂದಿರಿಗೆ ನಾಲ್ಕೂ ಕೋಣೆ ಬೇಕಂತೆ, ಮೂರು ವರ್ಷಕ್ಕೆ. ಈ ತಿಂಗಳ ಕೊನೇಲಿ ಮೇಟ್ರನ್ ಬಂದು ನೋಡ್ತಾರೆ."

ಗಂಡ ತಟ್ಟೆಗೆ ಮಜ್ಜಿಗೆ ಸುರಿದುಕೊಂಡ. "ಆಗ್ಲಿ. ಅವರು ಒಪ್ಪಿದ್ರೆ ಕೋಣೆ ನಿಂದು. ಒಲ್ಲೆ ಅಂದ್ರೆ ಮೂಟೆ. ಆಮೇಲೆ ಮಾತಿಲ್ಲ."

"ಮಾತಿಲ್ಲ," ಎಂದಳು ರೂಮಕ್ಕ.

ಮಗಳು ತಟ್ಟೆ ಸರಿಸಿದಳು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ, ಹೋಟೆಲ್ ನಡೆಸುವುದನ್ನು ಕಲಿಸುವ ಕಾಲೇಜಿಗೆ ಸೇರಿ ಆರು ತಿಂಗಳಾಗಿತ್ತು. "ಹಾಗಾದ್ರೆ ಮೊದಲು ಆ ಡಬ್ಬಿ ಹೋಗ್ಬೇಕು ಅಮ್ಮ."

"ಎಲ್ಲಿಗೆ ಹೋಗ್ಬೇಕು ಅದು?"

"ಎಲ್ಲಿಗಾದ್ರೂ. ಒಳ್ಳೇ ಬಚ್ಚಲು ಅಂದ್ರೆ, ಅಲ್ಲಿ ಯಾರೋ ಮುಂಚೆ ಬಂದು ಹೋಗಿದ್ರು ಅಂತ ಗೊತ್ತೇ ಆಗ್ಬಾರ್ದು. ಕಾಲೇಜಲ್ಲಿ ಮೊದಲ ಪಾಠವೇ ಅದು."

"ನಮ್ಮ ಬಚ್ಚಲಲ್ಲೂ ಗೊತ್ತಾಗಲ್ಲ. ನಾನು ತೊಳೀತೀನಲ್ಲ."

"ನೀನು ಬೆಳಿಗ್ಗೆ ಆ ಡಬ್ಬಿ ಹಿಡ್ಕೊಂಡು ಕಸದ ಗಾಡಿ ಹತ್ರ ಹೋಗ್ತೀಯಲ್ಲ," ಎಂದಳು ಗುಬ್ಬಿ, ದನಿ ತಗ್ಗಿಸಿ, "ಅದು ಕಾಲೇಜ್ ಬಸ್ಸಿಂದ ಕಾಣುತ್ತೆ."

ಪೈಪಜ್ಜ ಗಂಟಲು ಸರಿ ಮಾಡಿಕೊಂಡರು. "ಬಸ್ಸಿಗೆ ಎರಡು ಕಡೆ ಕಿಟಕಿ ಇರುತ್ತೆ ಮಗಾ. ಆ ಕಡೆ ಕೂತ್ಕೋ."

"ಆ ಕಡೆನೇ ಕೂರ್ತೀನಿ ತಾತ, ಆರು ತಿಂಗಳಿಂದ."

ರೂಮಕ್ಕ ಎದ್ದು ಎಲ್ಲರ ತಟ್ಟೆ ಒಟ್ಟು ಮಾಡಿದಳು. ಮಗಳ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ದಿನವಾದರೆ ಅದಕ್ಕೊಂದು ಬೈಗುಳ ಇರುತ್ತಿತ್ತು. ಅಂದು ಇರಲಿಲ್ಲ.

ಮರುವಾರ ತವರಿನಿಂದ ಸುದ್ದಿ ಬಂತು. ತಂಗಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ರೂಮಕ್ಕ ಐದು ದಿನದ ಮಟ್ಟಿಗೆ ಹೊರಟಳು. ಮಹಡಿಯಲ್ಲಿ ಆಗ ಇದ್ದವರು ಮೂವರೇ: ಸೇತುವೆ ಕೆಲಸದ ಇಬ್ಬರು ಎಂಜಿನಿಯರುಗಳು, ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವ ಹೊಸ ಕ್ರಮ ಕಲಿಯಲು ಬಂದಿದ್ದ ನಡುವಯಸ್ಸಿನ ಹೆಂಗಸೊಬ್ಬಳು. ಬಿಡುವಾದಾಗಲೆಲ್ಲ ಉಲ್ಲನ್ ಹೆಣೆಯುತ್ತಿದ್ದರಿಂದ ಆಕೆ ಹೆಣಿಗೆ ಮೇಡಂ.

"ಬೆಳಿಗ್ಗೆ ಎರಡೂ ಡಬ್ಬಿ ಖಾಲಿ ಮಾಡು, ಹೊಸ ಚೀಲ ಹಾಕು, ಅಷ್ಟೇ," ಎಂದು ಮಗಳಿಗೆ ಹೇಳಿದಳು. "ನಿನ್ನ ಬಸ್ ಬರೋಕೆ ಮುಂಚೆ ಮುಗ್ಸು. ಯಾರಿಗೂ ಕಾಣಲ್ಲ."

ಗುಬ್ಬಿ ಅದಕ್ಕಿಂತ ಸುಲಭದ ದಾರಿ ಹಿಡಿದಳು. ಅಮ್ಮ ಬಸ್ಸು ಹತ್ತಿದ ಮಧ್ಯಾಹ್ನವೇ ಎರಡೂ ಡಬ್ಬಿ ಅಟ್ಟ ಸೇರಿದವು. ಚಿತ್ರಗಳೆಲ್ಲ ಬಾಗಿಲಿಂದ ಕಿತ್ತು ಬಂದವು. ಗೋಡೆಗೆ ಹೊಳೆಯುವ ಕಂಬಿ, ಅದರಲ್ಲಿ ಪರಿಮಳದ ಕಾಗದದ ಸುರುಳಿ. ಕೈ ಒರೆಸುವ ಟವೆಲನ್ನು ಮಡಚಿ ಮಡಚಿ ಹಂಸ ಮಾಡಿಟ್ಟಳು.

ಪೈಪಜ್ಜ ಮಹಡಿ ಹತ್ತಿ ನೋಡಿ ಇಳಿದರು. "ಬಾತುಕೋಳಿ ಚೆನ್ನಾಗಿದೆ. ಕೈ ಒರೆಸಿದ್ರೆ ಕಚ್ಚಲ್ಲ ತಾನೇ?"

"ಅದು ಹಂಸ ತಾತ."

"ಡಬ್ಬಿ ಎಲ್ಲಿ?"

"ಕಾಗದ ನೀರಲ್ಲಿ ಕರಗೋ ಜಾತೀದು. ನಿನ್ನ ಪೈಪಿಗೆ ಏನೂ ಆಗಲ್ಲ. ನೀನೇ ಅಲ್ವಾ ಹೇಳೋದು, ನೀನು ಹಾಕಿದ ಪೈಪು ಹಿಂದಕ್ಕೆ ಬರಲ್ಲ ಅಂತ?"

ಪೈಪಜ್ಜನ ಮಾತೇ ಅವರ ಬಾಯಿಗೆ ಬಿರಡೆಯಾಗಿತ್ತು.

ಆರನೆಯ ದಿನ ಬೆಳಿಗ್ಗೆ ರೂಮಕ್ಕ ಚೀಲ ಹಿಡಿದು ಮನೆಗೆ ಬಂದಳು. ಮೆಟ್ಟಿಲಲ್ಲಿ ಹೆಣಿಗೆ ಮೇಡಂ ಎದುರಾದಳು. ಆಕೆ ನಗಲಿಲ್ಲ. ಶಾಲಿನ ಕೆಳಗೆ ಏನನ್ನೋ ಒತ್ತಿ ಹಿಡಿದುಕೊಂಡು ಗೋಡೆಗೆ ಸರಿದು ನಿಂತಳು. ಪ್ಲಾಸ್ಟಿಕ್ ಚೀಲದ ಒಂದು ತುದಿ ಕಾಣುತ್ತಿತ್ತು. ಗಂಟು ಹಾಕಿ, ಅದರ ಮೇಲೆ ಇನ್ನೊಂದು ಚೀಲ ಸುತ್ತಿ, ಅದಕ್ಕೆ ಉಲ್ಲನ್ ದಾರ ಬಿಗಿದಿದ್ದಳು.

ರೂಮಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಕೆಯ ಮುಖ ನೋಡಿದಳು. ಐವತ್ತು ದಾಟಿದ ಹೆಂಗಸು, ನೂರಾರು ಜನರ ಗಾಯ ಹೊಲಿದವಳು, ಹಾಸಿಗೆ ಒದ್ದೆ ಮಾಡಿಕೊಂಡ ಮಗುವಿನ ಹಾಗೆ ನಿಂತಿದ್ದಳು. ಆಕೆ ಮೇಲೆ ಬಚ್ಚಲಿನ ಕಡೆ ಕೈ ತೋರಿಸಿದಳು, ಎರಡೂ ಅಂಗೈ ಬಿಚ್ಚಿ ಖಾಲಿ ಎಂದು ಸನ್ನೆ ಮಾಡಿದಳು. ಅವರ ದೇಶದಲ್ಲಿ ಕಾಗದ ಡಬ್ಬಿಗೆ ಹೋಗುವುದು. ಹುಟ್ಟಿದಂದಿನಿಂದ ಆಕೆಯ ಕೈ ಬಲ್ಲದ್ದು ಅಷ್ಟೇ. ಡಬ್ಬಿ ಇಲ್ಲದ ಮನೆಯಲ್ಲಿ ಐದು ದಿನದಿಂದ ಹೀಗೆ ಪೊಟ್ಟಣ ಕಟ್ಟಿ, ಶಾಲಿನಡಿ ಬಚ್ಚಿಟ್ಟು, ಬೀದಿ ಕೊನೆಗೆ ಹೋಗಿ ಹಾಕಿ ಬರುತ್ತಿದ್ದಳು.

ರೂಮಕ್ಕ ಕೈ ಚಾಚಿ ಪೊಟ್ಟಣ ತೆಗೆದುಕೊಂಡಳು. ಆಕೆ ಬಿಡಲೊಲ್ಲಳು. "ಕೊಡಿ ಮೇಡಂ," ಎಂದಳು ಕನ್ನಡದಲ್ಲೇ, "ಇದು ನನ್ನ ಕೆಲಸ." ಭಾಷೆ ತಿಳಿಯದಿದ್ದರೂ ಆಕೆ ಕೊಟ್ಟಳು.

ಅಷ್ಟರಲ್ಲಿ ಕೆಳಗಿನಿಂದ ಗಂಡನ ಕೂಗು ಕೇಳಿಸಿತು. "ಏ, ಯಾರಾದ್ರೂ ಬನ್ರೋ. ಬಚ್ಚಲಲ್ಲಿ ನೀರು ಮೇಲಕ್ಕೆ ಬರ್ತಿದೆ."

ಎಂಜಿನಿಯರುಗಳ ತಪ್ಪೇನೂ ಇರಲಿಲ್ಲ. ಅವರ ದೇಶದಲ್ಲಿ ಕಾಗದ ನೀರಿಗೇ ಬೀಳುವುದು. ಬೇಡ ಎನ್ನುವ ಬೋಳುತಲೆಯ ಮನುಷ್ಯ ಬಾಗಿಲಿಂದ ಎದ್ದು ಹೋಗಿದ್ದ. ಕರಗುವ ಜಾತಿಯ ಕಾಗದ ಐದು ದಿನದಲ್ಲಿ ಕಲಸಿದ ಹಿಟ್ಟಿನ ಹಾಗೆ ಕೂತುಬಿಟ್ಟಿತ್ತು.

ರೂಮಕ್ಕ ಪೊಟ್ಟಣವನ್ನು ಹಿತ್ತಲಿನ ಡಬ್ಬಿಗೆ ಹಾಕಿ, ಕೈ ತೊಳೆದು ಬರುವಷ್ಟರಲ್ಲಿ ಪೈಪಜ್ಜ ಸೊಂಟಕ್ಕೆ ಟವೆಲ್ ಬಿಗಿದು ಪೈಪು ಬಂದು ಸೇರುವ ಹಿತ್ತಲಿನ ಚೇಂಬರಿನ ಮುಚ್ಚಳ ತೆಗೆಸಿ ಕೂತಿದ್ದರು. ಮೊಮ್ಮಗಳು ನಂಬಿದ ತಮ್ಮ ಪೈಪು ಹಿಂದಕ್ಕೆ ಬಂದಿತ್ತಲ್ಲ, ಅವರಿಗೆ ಇನ್ನೊಬ್ಬರ ಕೈ ಬೇಡವಾಗಿತ್ತು.

"ಮಾವ, ನಾನು ಮಾಡ್ತೀನಿ ಬಿಡಿ."

"ಇದು ನಂದು," ಎಂದರು. ತಂತಿ ತೂರಿಸಿದರು. ಮೊಳ ಮೊಳವಾಗಿ ಒಳಗೆ ಹೋಯಿತು. ಒಂದು ಕಡೆ ಟಕ್ ಎಂದು ನಿಂತಿತು. ಅಲ್ಲೇ, ಪೈಪಿನ ಬಾಯಿಗೆ ಸರಿಯಾಗಿ, ತಂತಿಯ ಮೇಲೆ ಒಂದು ಕೆಂಪು ದಾರ ಕಟ್ಟಿತ್ತು. ಹಳೆಯದು, ಮಾಸಿದ್ದು, ಆದರೆ ಬಿಗಿಯಾದ ಗಂಟು.

ಪೈಪಜ್ಜ ತಂತಿ ಹಿಂದೆ ಎಳೆದು ಮತ್ತೆ ತೂರಿಸಿದರು. ಮತ್ತೆ ದಾರದ ಹತ್ತಿರವೇ ನಿಂತಿತು. ಮೂರನೆಯ ಸಲವೂ.

"ಇದನ್ನ ಯಾರು ಕಟ್ಟಿದ್ದು?"

ರೂಮಕ್ಕ ಸುಳ್ಳು ಹೇಳಬಹುದಿತ್ತು. "ನಾನೇ ಮಾವ. ಪ್ರತಿ ಸಲ ಅಲ್ಲೇ ಸಿಕ್ಕೊಳ್ತಿತ್ತು. ಎಲ್ಲಿ ತಿರುಗಿಸಿ ತಳ್ಳಬೇಕು ಅಂತ ನೆನಪಿರ್ಲಿ ಅಂತ."

"ಯಾವಾಗ ಕಟ್ಟಿದ್ದು?"

"ಗುಬ್ಬಿ ನಾಲ್ಕನೇ ಕ್ಲಾಸಲ್ಲಿದ್ದಾಗ."

ಅಂದರೆ ಹತ್ತು ವರ್ಷ. ತಪ್ಪು ಕಾಗದದ್ದಲ್ಲ, ಅಡುಗೆಮನೆಯ ನೆಲದಡಿ ಪೈಪು ಗಕ್ಕನೆ ತಿರುಗುವ ಆ ಒಂದು ಜಾಗದ್ದು ಎಂದು ಸೊಸೆಗೆ ಹತ್ತು ವರ್ಷದಿಂದ ಗೊತ್ತಿತ್ತು. ಹತ್ತು ವರ್ಷವೂ ಅವಳು ಪೈಪಿಗೆ ಏನೂ ಅನ್ನದೆ ಡಬ್ಬಿ ಹೊತ್ತಿದ್ದಳು. ಪೈಪಜ್ಜ ತಂತಿಯನ್ನು ಅವಳ ಕೈಗೆ ಕೊಟ್ಟು ಎದ್ದು ಹೋದರು. ಅವಳು ದಾರದ ಹತ್ತಿರ ಎಡಕ್ಕೆ ತಿರುವಿ ತಳ್ಳಿದಳು. ನೀರು ಗುಡುಗುಡು ಸದ್ದು ಮಾಡಿ ಇಳಿಯಿತು.

ಸಂಜೆ ಗುಬ್ಬಿ ಬಂದಾಗ ಅಪ್ಪ ಕೂಗಾಡಿದ. ಅವನು ಕೂಗಾಡುವುದು ಅಪರೂಪ, ಹಾಗಾಗಿ ಬೇಗ ದಣಿದ.

"ಹೇಳ್ದೆ ಕೇಳ್ದೆ ಮಾಡಿದ್ದು ತಪ್ಪು, ಒಪ್ಕೋತೀನಿ," ಎಂದಳು ಗುಬ್ಬಿ. "ಆದ್ರೆ ಒಂದು ಪೈಪ್ ಕಟ್ಕೊಂಡಿದ್ದಕ್ಕೆ ಇಷ್ಟು ರಾದ್ಧಾಂತನಾ?"

"ಪೈಪ್ ಕಟ್ಕೊಂಡಿದ್ದು ದೊಡ್ಡದಲ್ಲ," ಎಂದಳು ರೂಮಕ್ಕ. ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಲಿಲ್ಲ. ಮೆಟ್ಟಿಲಲ್ಲಿ ಕಂಡದ್ದನ್ನು ಹೇಳಿದಳು. ಚೀಲದ ಮೇಲೆ ಚೀಲ, ಅದರ ಮೇಲೆ ಉಲ್ಲನ್ ದಾರ. "ಆಕೆ ನಮ್ಮನೇಲಿ ಐದು ದಿನ ಕಳ್ಳಿ ಹಾಗೆ ಓಡಾಡಿದಾಳೆ. ಯಾರೋ ಬಂದು ಹೋಗಿದ್ರು ಅಂತ ಗೊತ್ತಾಗ್ಬಾರ್ದು ಅಂದ್ಯಲ್ಲ, ಬಂದವಳಿಗೇ ತಾನು ಬರಬಾರದಿತ್ತು ಅನ್ನಿಸಿಬಿಡ್ತು."

ಗುಬ್ಬಿ ಸೊಪ್ಪಿನ ಒಂದು ಕಡ್ಡಿ ಎತ್ತಿಕೊಂಡು ಮುರಿಯತೊಡಗಿದಳು.

"ಆ ಡಬ್ಬಿ ಎತ್ತೋಕೆ ನನಗೆ ಯಾವತ್ತೂ ನಾಚಿಕೆ ಆಗಿಲ್ಲ ಕಣೇ. ಎಷ್ಟು ದೇಶದವರು ಈ ಮನೇಲಿ ನೆಮ್ಮದಿಯಾಗಿ ಕೂತು ಎದ್ದು ಹೋಗಿದ್ದಾರೆ ಅಂತ ನನಗೆ ಹೆಮ್ಮೆ ಇದೆ. ನಿನಗೆ ನಾಚಿಕೆ ಆದ್ರೆ ಆ ಕಡೆ ಕಿಟಕೀಲಿ ಕೂತ್ಕೋ. ಆದ್ರೆ ಬಂದವರಿಗೆ ನಾಚಿಕೆ ಆಗೋ ಹಾಗೆ ಮಾಡ್ಬೇಡ."

ಗುಬ್ಬಿ ಎದ್ದು ಅಟ್ಟ ಹತ್ತಿದಳು. ಡಬ್ಬಿಗಳ ಸದ್ದು ಕೇಳಿಸಿತು. ಹರಿದ ಚಿತ್ರಗಳಿಗೆ ಅಂಟು ಹಚ್ಚುತ್ತ ಬಹಳ ಹೊತ್ತು ಮಹಡಿಯಲ್ಲೇ ಇದ್ದಳು.

ಮರುದಿನ ಬೆಳಿಗ್ಗೆ ರೂಮಕ್ಕ ಚಹಾಕ್ಕೆ ನೀರಿಡಲು ಹೋದರೆ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಗೋಡೆಯಿಂದ ನೇರ ಬಂದು, ಒಲೆಯ ಕಟ್ಟೆಯ ಮುಂದೆ ಚೌಕ ತಿರುಗಿ, ಹಿತ್ತಲಿಗೆ ಹೋಗಿತ್ತು. ತಿರುವಿನಲ್ಲಿ ಒಂದು ಸೊನ್ನೆ. ಪಕ್ಕದಲ್ಲಿ ಉಳಿ, ಸುತ್ತಿಗೆ, ಪೈಪಜ್ಜ.

"ನಿನ್ನ ದಾರ ಹೇಳೋ ಜಾಗ ಇದು," ಎಂದರು.

ಗಂಡ ಹಲ್ಲುಜ್ಜುತ್ತ ಬಂದು ಬಾಗಿಲಲ್ಲೇ ನಿಂತ. "ಅಪ್ಪಾ, ಮೇಟ್ರನ್ ಬರೋಕೆ ಐದೇ ದಿನ ಇದೆ. ಈಗ ನೆಲ ಅಗೆಯೋದಾ? ಈ ಇಪ್ಪತ್ತೆರಡು ವರ್ಷ ಏನ್ ಮಾಡ್ತಿದ್ರಿ?"

"ಸುಳ್ಳು ಹೇಳ್ತಿದ್ದೆ," ಎಂದರು ಪೈಪಜ್ಜ. ಸುತ್ತಿಗೆಯನ್ನು ನೆಲಕ್ಕಿಟ್ಟು ಸೊಸೆಯ ಕಡೆ ತಿರುಗಿದರು. "ನಿಮ್ಮ ಮದುವೆಗೆ ಎಂಟು ದಿನ ಇತ್ತು. ಈ ಮನೇಲಿ ಆಗ ಕಕ್ಕಸು ಹಿತ್ತಲ ತುದೀಲಿತ್ತು, ಬಾಗಿಲಿಗೆ ಗೋಣಿಚೀಲ. ಹೊಸ ಹುಡುಗಿ ಕತ್ತಲಲ್ಲಿ ಚೊಂಬು ಹಿಡ್ಕೊಂಡು ಹೋಗೋದು ಬೇಡ, ಚಿಲಕ ಇರೋ ಬಾಗಿಲು ಮಾಡ್ಕೊಡೋಣ ಅಂತ ಶುರು ಮಾಡ್ದೆ. ಇಲ್ಲಿ ಒಂದು ಬಂಡೆ ಸಿಕ್ತು. ಒಡೆಯೋಕೆ ಟೈಮ್ ಇರ್ಲಿಲ್ಲ. ಬಂಡೆ ಸುತ್ತಿ ಹೋಗೋ ಹಾಗೆ ಬಾಗಿದ ತುಂಡು, ಎಲ್ಬೋ, ಹಾಕಿ ತಿರುಗಿಸಿಬಿಟ್ಟೆ. ಕೈಲಿದ್ದದ್ದು ಮೂರಿಂಚಿನ ಪೈಪು, ಕಕ್ಕಸಿಗೆ ಸಾಲದು, ಅದನ್ನೇ ಇಟ್ಟೆ. ಇನ್ನೊಬ್ಬರ ಮನೇಲಿ ಯಾರಾದ್ರೂ ಹಾಗೆ ಮಾಡಿದ್ರೆ ಕಪಾಳಕ್ಕೆ ಬಿಡ್ತಿದ್ದೆ."

ರೂಮಕ್ಕನಿಗೆ ನೆನಪಾಯಿತು. ಬಂದ ಮೊದಲ ದಿನ, ಸುಣ್ಣದ ವಾಸನೆಯ ಆ ಪುಟ್ಟ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ತವರಿನಲ್ಲಿ ಅಂಥದ್ದು ಇರಲಿಲ್ಲ. ಆ ಮನೆಯಲ್ಲಿ ತಾನು ಬಾಳಬಹುದು ಎಂದು ಅವಳಿಗೆ ಮೊದಲು ಅನ್ನಿಸಿದ್ದು ಅಲ್ಲಿ.

"ಆ ಚಿಲಕ ಇನ್ನೂ ಗಟ್ಟಿಯಾಗೇ ಇದೆ ಮಾವ," ಎಂದಳು.

"ಚಿಲಕ ಹಾಕಿದ್ದು ಬಡಗಿ," ಎಂದರು ಪೈಪಜ್ಜ. "ಒಲೆ ಹೊರಗೆ ಇಟ್ಕೋ."

ನಾಲ್ಕು ದಿನ ಅಡುಗೆ ಅಂಗಳದಲ್ಲಿ ಆಯಿತು. ದಿನಾ ಮೊಟ್ಟೆ, ದಿನಾ ಅನ್ನ. ಗಂಡ ರಜೆ ಹಾಕಿ ಬಂಡೆ ಒಡೆದ. ಪೈಪಜ್ಜ ಗುಂಡಿಯ ಅಂಚಿನಲ್ಲಿ ಕೂತು ಬೈದರು. ಸೇತುವೆ ಎಂಜಿನಿಯರುಗಳು ಸಂಜೆ ಬಂದು ಗುಂಡಿ ನೋಡಿ, ತಾವೂ ಅಂಗಿ ಕಳಚಿ ಹಾರೆ ಹಿಡಿದರು. ಅಷ್ಟೂ ದಿನ ಮಹಡಿಯವರು, ಕೆಳಗಿನವರು ಎಲ್ಲ ಎದುರು ಮನೆಯ ಬಚ್ಚಲಿಗೆ ಸಾಲು ಹಚ್ಚಿದರು. ಹೆಣಿಗೆ ಮೇಡಂ ಆ ಮನೆಯ ಮಗುವಿಗೆ ಒಂದು ಟೋಪಿ ಹೆಣೆದುಕೊಟ್ಟಳು.

ಮೇಟ್ರನ್ ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಬಂದರು. ಇಂಥವರು ಹಾಗೇ ಬರುವುದು. ಬಾಗಿಲಲ್ಲಿ ಮಣ್ಣಿನ ಗುಡ್ಡೆ, ಅಂಗಳದಲ್ಲಿ ಒಲೆ, ಅಡುಗೆಮನೆಯ ನಡುವೆ ಎದೆಯುದ್ದದ ಗುಂಡಿ. ಗುಂಡಿಯಿಂದ ಬೋಳುತಲೆಯೊಂದು ಮೇಲೆದ್ದಿತು.

"ಇದೇನು ನಡೀತಿದೆ?" ಎಂದರು ಮೇಟ್ರನ್.

ರೂಮಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. ಗಂಡ ಅವಳ ಕಡೆ ನೋಡಲಿಲ್ಲ. ಅವನ ಕಣ್ಣಲ್ಲಿ ಬಟ್ಟೆ ಮೂಟೆಗಳು ಸಾಲಾಗಿ ಮೆಟ್ಟಿಲು ಹತ್ತುತ್ತಿದ್ದವು.

"ಪೈಪ್ ತಪ್ಪಾಗಿ ಹಾಕಿದ್ರು, ಸರಿ ಮಾಡ್ತಿದ್ದೀವಿ," ಎಂದರು ಪೈಪಜ್ಜ ಗುಂಡಿಯೊಳಗಿಂದ.

"ಯಾರು ಹಾಕಿದ್ದು?"

"ಈ ಊರಿನ ಒಳ್ಳೇ ಪ್ಲಂಬರ್," ಎಂದರು ಪೈಪಜ್ಜ. ಕೈಯ ಮಣ್ಣು ಒರೆಸಿಕೊಂಡರು. "ನಾನೇ."

ಗುಬ್ಬಿ ಮುಂದೆ ಬಂದಳು. "ಮಹಡಿ ನೋಡಿ ಬನ್ನಿ ಮೇಡಂ." ಮೇಟ್ರನ್ ಹಾಸಿಗೆ ಒತ್ತಿ ನೋಡಿದರು, ಕಿಟಕಿ ತೆಗೆದು ಹಾಕಿದರು, ಬಚ್ಚಲಿನ ಮೂಲೆಗೆ ಬೆರಳು ಹಚ್ಚಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ. ಬಾಗಿಲ ಹಿಂದಿನ ಚಿತ್ರಗಳ ಮುಂದೆ ನಿಂತು, ಆಮೇಲೆ ಡಬ್ಬಿಯ ಮುಚ್ಚಳವನ್ನು ಕಾಲಲ್ಲಿ ಒತ್ತಿ ತೆಗೆದರು.

"ಹೊಸ ಪೈಪ್ ಹಾಕ್ತಿದ್ದೀರಲ್ಲ, ಇನ್ನು ಈ ಡಬ್ಬಿ ಯಾಕೆ?"

ರೂಮಕ್ಕ ಬಾಯಿ ತೆರೆಯುವಷ್ಟರಲ್ಲಿ ಮಗಳೇ ಹೇಳಿದಳು. "ಪೈಪ್ ಬದಲಾದ್ರೂ ಕೈ ಬದಲಾಗಲ್ಲ ಮೇಡಂ. ಡಬ್ಬಿಗೆ ಹಾಕಿ ರೂಢಿ ಇರೋರು ಡಬ್ಬಿ ಇಲ್ಲ ಅಂದ್ರೆ ಕಾಗದ ಪೊಟ್ಟಣ ಕಟ್ಟಿ ಬಚ್ಚಿಡ್ತಾರೆ. ಕೇಳೋಕೆ ನಾಚಿಕೆ, ಹೇಳೋಕೆ ಭಾಷೆ ಬರಲ್ಲ. ನೀರಿಗೆ ಬಿಡೋರು ಇನ್ಮೇಲೆ ನೀರಿಗೆ ಬಿಡ್ಲಿ. ಡಬ್ಬಿಗೆ ಹಾಕೋರಿಗೆ ಡಬ್ಬಿ ಇರುತ್ತೆ. ನೀರು ಬೇಕಾದೋರಿಗೆ ಚೊಂಬು ಇದೆ. ಅಮ್ಮ ಹದಿನಾಲ್ಕು ವರ್ಷದಿಂದ ಹೀಗೇ ನಡೆಸಿರೋದು."

ಮೇಟ್ರನ್ ಕಾಲು ತೆಗೆದು ಮುಚ್ಚಳ ಇಳಿಸಿದರು. "ನಮ್ಮ ಹಾಸ್ಟೆಲಿನ ಬೀರುಗಳಲ್ಲಿ ಇಂಥ ಪೊಟ್ಟಣ ಸಿಕ್ಕಿವೆ," ಎಂದರು. "ಗಲೀಜು ಜನ ಅಂತ ನಾನೇ ಬೋರ್ಡ್ ಬರೆಸಿ ಹಾಕಿದ್ದೆ." ಮತ್ತೆ ಚಿತ್ರಗಳ ಕಡೆ ತಿರುಗಿದರು. "ಇದನ್ನ ಯಾರು ಬರೆದಿದ್ದು?"

"ನಮ್ಮಮ್ಮ," ಎಂದಳು ಗುಬ್ಬಿ. ಕಾಲೇಜಿನಲ್ಲಿ ಬಹುಮಾನ ಬಂದಾಗಲೂ ಅವಳ ದನಿ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ.

"ನನಗೂ ಒಂದು ಪ್ರತಿ ಬೇಕು. ಆ ಬೋರ್ಡ್ ತೆಗೆಸ್ಬೇಕು ನಾನು." ಮೆಟ್ಟಿಲಿಳಿಯುತ್ತ ಮೇಟ್ರನ್ ಗುಂಡಿಯತ್ತ ನೋಡಿದರು. "ನಾಲ್ಕೂ ಕೋಣೆ ನಮಗಿರ್ಲಿ. ನೆಲ ಮುಚ್ಚಿದ ಮೇಲೆ ಹೇಳಿ ಕಳಿಸಿ. ಮನುಷ್ಯರನ್ನ ಒಳಗೆ ಬಿಟ್ಟು ಮುಚ್ಬೇಡಿ."

ಆ ಸಂಜೆಯೇ ಗಂಡ ಸಾಹುಕಾರರ ಅಂಗಡಿಗೆ ಹೋಗಿ ಬಂದ. "ಮೂಟೆಗೆ ಜಾಗ ಇಲ್ಲ, ನಮ್ಮನೇಲಿ ಜನ ಇರ್ತಾರೆ ಅಂದೆ," ಎಂದು ಹೆಂಡತಿಗೆ ಹೇಳಿದ, ಅದು ತನ್ನದೇ ಮಾತು ಎನ್ನುವ ಹಾಗೆ.

ಮಣ್ಣು ಮುಚ್ಚುವ ಮೊದಲು ಪೈಪಜ್ಜ ಎಲ್ಲರನ್ನೂ ಹಿತ್ತಲಿಗೆ ಕರೆದರು. ನಾಲ್ಕಿಂಚಿನ ಹೊಸ ಪೈಪಿನ ಬಾಯಿಗೆ ತಂತಿ ಇಟ್ಟು ಸೊಸೆಯ ಕೈಗೆ ಕೊಟ್ಟರು. ರೂಮಕ್ಕ ತಳ್ಳಿದಳು. ಕೆಂಪು ದಾರ ಪೈಪಿನ ಬಾಯಿಗೆ ಬಂತು. ಅಭ್ಯಾಸಬಲದಿಂದ ಅವಳ ಕೈ ಎಡಕ್ಕೆ ತಿರುವಲು ಹೋಯಿತು. ತಿರುವುವುದು ಬೇಕಾಗಲಿಲ್ಲ. ದಾರ ಒಳಗೆ ಹೋಯಿತು, ಮುಂದೆಯೂ ಹೋಯಿತು, ಕಾಣದಾಯಿತು.

"ಈಗ ಹೇಳಿ ಮಾವ ನಿಮ್ಮ ಗಾದೆ," ಎಂದಳು.

"ಸಾಕು ಬಿಡಮ್ಮ. ಆ ಗಾದೆ ಹೇಳೋ ಬಾಯಿ ಕಟ್ಕೊಂಡು ಬಹಳ ದಿನ ಆಯ್ತು," ಎಂದರು ಪೈಪಜ್ಜ, ಮೂಗು ಒರೆಸಿಕೊಳ್ಳುತ್ತ.

ಮಹಡಿಯ ಮೂವರೂ ತಮ್ಮ ಕೆಲಸ ಮುಗಿಸಿ ಹೋಗಿ, ನರ್ಸುಗಳು ಬಂದ ಮರುದಿನ ಬೆಳಿಗ್ಗೆ ರೂಮಕ್ಕ ಒಂದು ಡಬ್ಬಿ ಎತ್ತಿಕೊಂಡು ಬೀದಿಗಿಳಿದಳು. ಹಿಂದೆಯೇ ಇನ್ನೊಂದು ಡಬ್ಬಿ ಹಿಡಿದು ಗುಬ್ಬಿ ಬಂದಳು. ಹೆಗಲಲ್ಲಿ ಕಾಲೇಜಿನ ಚೀಲ. ಕಸದ ಗಾಡಿಗೆ ಡಬ್ಬಿಯ ಚೀಲಗಳನ್ನು ಹಾಕಿ ತಿರುಗುವಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು.

"ಕೊಡು ಇಲ್ಲಿ, ಓಡು," ಎಂದಳು ರೂಮಕ್ಕ.

ಗುಬ್ಬಿ ಓಡಲಿಲ್ಲ. ಡಬ್ಬಿಯ ಮುಚ್ಚಳ ಸರಿಯಾಗಿ ಕೂರಿಸಿ ಅಮ್ಮನ ಕೈಗೆ ಕೊಟ್ಟಳು. ನಡೆದುಕೊಂಡೇ ಹೋಗಿ ಬಸ್ಸು ಹತ್ತಿದಳು. ಎರಡೂ ಕಡೆ ಕಿಟಕಿಯ ಸೀಟು ಖಾಲಿ ಇದ್ದವು. ಅವಳು ಈ ಕಡೆಯದರಲ್ಲಿ ಕೂತಳು.